ಕರಿಗೊಂದಿಯ ಬಿಳಿ ಪುಡಿಯನ್ನು ಮಕ್ಕಳ ಕೈಗೆ ಕೊಡಬೇಡಿ

ತಾಮ್ರದ ಚರಿತ್ರೆಯನ್ನು ಬಣ್ಣದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿ ಹಂಚುತ್ತಿರುವ, ಗಣಿ ಪರಂಪರೆ ಉದ್ಯಾನದ ಮಾನ್ಯ ಮುಖ್ಯಸ್ಥರೇ,

ಮಾರ್ಚ್ ಎಂಟರಂದು, ಮಹಿಳಾ ದಿನದ ಅಂಗವಾಗಿ, ನೀವು ಕರಿಗೊಂದಿಯ ಉದ್ಯಾನವನ್ನು ಉದ್ಘಾಟಿಸಲಿದ್ದೀರಿ. ಅವತ್ತು ಸುತ್ತಲಿನ ಶಾಲೆಗಳ ಇನ್ನೂರ ನಲವತ್ತು ಹೆಣ್ಣುಮಕ್ಕಳಿಂದ, ಮುಚ್ಚಿಹೋದ ತಾಮ್ರದ ಗಣಿಯ ಪಕ್ಕದ ದಿಬ್ಬದಿಂದ ತೆಗೆದ ಬಿಳಿ ಪುಡಿಯಲ್ಲಿ ರಂಗೋಲಿ ಹಾಕಿಸುವ ಏರ್ಪಾಟು ಮಾಡಿದ್ದೀರಿ. ಆ ಪುಡಿಯಲ್ಲಿ ಪಾಷಾಣ ಇದೆ. ಊಹೆಯಿಂದ ಹೇಳುತ್ತಿಲ್ಲ, ಅಳೆದು ಹೇಳುತ್ತಿದ್ದೇನೆ: ಒಂದು ಕಿಲೋ ಪುಡಿಯಲ್ಲಿ ಹನ್ನೊಂದು ಗ್ರಾಂ ಆರ್ಸೆನಿಕ್. ಇದನ್ನು ನಿಮಗೆ ಒಂದು ಸಲ ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಒಂದು ಸಲ ಈಮೇಲಿನಲ್ಲಿ, ಒಂದು ಸಲ ಫೋನಿನಲ್ಲಿ ತಿಳಿಸಿದ್ದೇನೆ. ಉತ್ತರ ಬಂದಿಲ್ಲ ಎಂದು ನಾನು ದೂರುವಂತಿಲ್ಲ. ಉತ್ತರ ಬಂದಿದೆ. ಬಂದದ್ದರಿಂದಲೇ ಈ ಪತ್ರವನ್ನು ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕಾಗಿದೆ.

ನಿಮ್ಮ ಕಚೇರಿಯ ಉತ್ತರವನ್ನು ಓದುಗರಿಗಾಗಿ ಇಲ್ಲಿ ಇಡುತ್ತೇನೆ. ‘ಸದರಿ ಗಣಿಯಲ್ಲಿ ತಾಮ್ರವನ್ನು ಹೊರತುಪಡಿಸಿ ಬೇರೆ ಯಾವುದೇ ಖನಿಜ ತೆಗೆದ ಬಗ್ಗೆ ಕಚೇರಿಯಲ್ಲಿ ದಾಖಲೆ ಲಭ್ಯವಿರುವುದಿಲ್ಲ. ಆದ್ದರಿಂದ ತಾವು ಪ್ರಸ್ತಾಪಿಸಿರುವ ಆರ್ಸೆನಿಕ್ ಸದರಿ ದಿಬ್ಬಕ್ಕೆ ಸಂಬಂಧಿಸಿದ್ದಲ್ಲ ಎಂದು ಈ ಮೂಲಕ ತಿಳಿಸಲಾಗಿದೆ.’ ಇದನ್ನು ನಾಲ್ಕು ಸಲ ಓದಿದೆ, ಮಾನ್ಯರೇ. ಕಡತದಲ್ಲಿ ಇಲ್ಲದ್ದು ಮಣ್ಣಿನಲ್ಲೂ ಇರುವುದಿಲ್ಲ ಎಂಬ ಈ ಹೊಸ ರಸಾಯನಶಾಸ್ತ್ರವನ್ನು ನನಗೆ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ನಾವು ಪ್ರಯೋಗಾಲಯಗಳನ್ನೆಲ್ಲ ಮುಚ್ಚಿ ಗುಮಾಸ್ತರನ್ನು ನೇಮಿಸಿಕೊಳ್ಳಬಹುದಿತ್ತು. ನೀರಿನ ಮಾದರಿ ತಂದವರಿಗೆ, ನಿಮ್ಮ ಬಾವಿಯ ಬಗ್ಗೆ ನಮ್ಮಲ್ಲಿ ದಾಖಲೆ ಇಲ್ಲ, ಧೈರ್ಯವಾಗಿ ಕುಡಿಯಿರಿ ಎಂದು ಹೇಳಿ ಕಳಿಸಬಹುದಿತ್ತು.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಹುಟ್ಟಿದ್ದು ಕರಿಗೊಂದಿಯ ಗಣಿ ಕಾಲೊನಿಯಲ್ಲಿ. ಮದುವೆಯಾದಾಗಿನಿಂದ ಚೆನ್ನೈನಲ್ಲಿದ್ದೇನೆ. ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನಲ್ಲಿ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ನೀರು ಮತ್ತು ಮಣ್ಣು ಪರೀಕ್ಷಿಸುವುದು ನನ್ನ ಕೆಲಸ. ಕಾಸಿಮೇಡಿನ ಐಸ್ ಫ್ಯಾಕ್ಟರಿಗಳ ನೀರು, ಪೆರುಂಗುಡಿಯ ಅಪಾರ್ಟ್‌ಮೆಂಟುಗಳಿಗೆ ಟ್ಯಾಂಕರಿನಲ್ಲಿ ಬರುವ ನೀರು ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ನನ್ನ ಅವ್ವ ಶಂಕ್ರಮ್ಮ ಹದಿನಾಲ್ಕು ವರ್ಷದಿಂದ ನಮ್ಮ ಜೊತೆಗಿದ್ದಾರೆ. ಈ ಹೆಸರು ನಿಮಗೆ ಪರಿಚಯ ಇರಬೇಕು. ಉದ್ಘಾಟನೆಯ ದಿನ ‘ಕರಿಗೊಂದಿ ರಂಗೋಲಿಯ ಹಿರಿಯ ಕಲಾವಿದೆ’ ಎಂದು ಸನ್ಮಾನ ಮಾಡಿ, ಮೊದಲ ಎಳೆಯನ್ನು ಅವರ ಕೈಯಿಂದ ಎಳೆಸಬೇಕು ಎಂದು ನೀವು ಆಹ್ವಾನ ಕಳಿಸಿದ್ದು ಅವರಿಗೇ.

ನಿಮ್ಮ ಪುಸ್ತಿಕೆಯಲ್ಲಿ ಚರಿತ್ರೆಗೆ ಹನ್ನೆರಡು ಪುಟ ಕೊಟ್ಟಿದ್ದೀರಿ. ಹಿಂದಿನ ಕಾಲದವರು ಉಳಿ ಸುತ್ತಿಗೆಯಲ್ಲಿ ತೋಡಿದ ಗುಂಡಿಗಳು ಬಂದಿವೆ. ಅರವತ್ತರ ದಶಕದಲ್ಲಿ ಕಂಪನಿ ಬಂದದ್ದು, ಊರಿಗೆ ಮೊದಲ ಸಲ ಕರೆಂಟು ಬಂದದ್ದು, ತೊಂಬತ್ತಾರರಲ್ಲಿ ಗಣಿಗೆ ಬೀಗ ಬಿದ್ದದ್ದು ಎಲ್ಲ ಬಂದಿದೆ. ಮ್ಯಾನೇಜರರ ಬಂಗಲೆಯ ಹಿತ್ತಲಿನ ಮಾವಿನಮರಕ್ಕೂ ಒಂದು ಫೋಟೊದ ಭಾಗ್ಯ ಸಿಕ್ಕಿದೆ. ಅದಿರು ಹುರಿಯುವ ಮನೆಗೆ ಮಾತ್ರ ಒಂದು ಸಾಲು ಕೂಡ ಸಿಕ್ಕಿಲ್ಲ. ಅದರ ಚಿಮಣಿ ಇವತ್ತಿಗೂ ನಿಮ್ಮ ಉದ್ಯಾನದ ಮಧ್ಯದಲ್ಲೇ ನಿಂತಿದೆ. ಅದಕ್ಕೆ ಬಣ್ಣದ ದೀಪ ಸುತ್ತಿಸಿದ್ದೀರಂತೆ. ಅದು ಏತಕ್ಕಾಗಿ ಇತ್ತು ಎಂದು ದೀಪ ಸುತ್ತಿದವರಲ್ಲಿ ಒಬ್ಬರಾದರೂ ಕೇಳಲಿಲ್ಲವೆ?

ನಾನು ಹೇಳುತ್ತೇನೆ. ಕರಿಗೊಂದಿಯ ಅದಿರಿನಲ್ಲಿ ತಾಮ್ರ ಒಂಟಿಯಾಗಿ ಇರಲಿಲ್ಲ, ಆರ್ಸೆನಿಕ್ ಅದರ ಜೊತೆಯಲ್ಲೇ ಇತ್ತು. ಅದಿರನ್ನು ಕುಲುಮೆಯಲ್ಲಿ ಹುರಿದಾಗ ಆರ್ಸೆನಿಕ್ ಹೊಗೆಯಾಗಿ ಏಳುತ್ತದೆ. ಆ ಹೊಗೆಯನ್ನು ಸಾಲಾಗಿ ಕಟ್ಟಿದ ಇಟ್ಟಿಗೆಯ ಕೋಣೆಗಳ ಮೂಲಕ ಹಾಯಿಸುತ್ತಿದ್ದರು. ತಣ್ಣಗಾದ ಹೊಗೆ ಗೋಡೆಗಳಿಗೆ ಬಿಳಿ ಪುಡಿಯಾಗಿ ಹತ್ತುತ್ತಿತ್ತು. ಅದೇ ಶಂಖಪಾಷಾಣ. ಅದನ್ನು ಕೆರೆದು ಡ್ರಮ್ಮಿಗೆ ತುಂಬುವುದು ನನ್ನ ಅಪ್ಪ ವೀರಪ್ಪನವರ ಕೆಲಸ. ಕೋಣೆಯೊಳಕ್ಕೆ ಹೋಗುವ ಮೊದಲು ಮೈಗೆಲ್ಲ ಹರಳೆಣ್ಣೆ ಬಳಿದು, ಮೇಲೆ ಜೇಡಿಮಣ್ಣು ಮೆತ್ತಿಕೊಂಡು, ಮೂಗಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಕಂಪನಿಯ ಸುರಕ್ಷತಾ ವ್ಯವಸ್ಥೆ ಇಷ್ಟೇ. ಅದರಲ್ಲೂ ಹರಳೆಣ್ಣೆ ನಮ್ಮ ಮನೆಯದು.

ತುಂಬಿದ ಡ್ರಮ್ಮುಗಳು ರೈಲಿನಲ್ಲಿ ಇದೇ ಊರಿಗೆ, ಆಗಿನ ಮದರಾಸಿಗೆ, ಬರುತ್ತಿದ್ದವು. ಚರ್ಮ ಹದ ಮಾಡುವವರು, ಮರಕ್ಕೆ ಗೆದ್ದಲು ಹತ್ತದಂತೆ ಔಷಧಿ ಮಾಡುವವರು ಕೊಳ್ಳುತ್ತಿದ್ದರು. ಅಪ್ಪ ಎರಡು ಸಲ ಡ್ರಮ್ಮುಗಳ ಕಾವಲಿಗೆ ಜೊತೆಯಲ್ಲಿ ಬಂದಿದ್ದರು. ಒಂದು ಸಲದ ಗೇಟ್ ಪಾಸನ್ನು ಅವ್ವ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ‘ಶಂಖಪಾಷಾಣ, ನಲವತ್ತು ಡ್ರಂ, ಮದರಾಸು’ ಎಂದು ಬರೆದು ಕಂಪನಿಯ ಮೊಹರು ಒತ್ತಿದೆ. ಅದರ ನಕಲು ನಿಮಗೆ ತಲುಪಿದೆ, ಸ್ವೀಕೃತಿ ಚೀಟಿ ನನ್ನ ಹತ್ತಿರ ಇದೆ. ನಿಮ್ಮ ಕಚೇರಿಯಲ್ಲಿ ದಾಖಲೆ ಲಭ್ಯವಿರುವುದಿಲ್ಲ ಎಂದಿರಿ. ನಮ್ಮ ಟ್ರಂಕಿನಲ್ಲಿ ಲಭ್ಯವಿರುತ್ತದೆ. ಬಂದು ನೋಡಿ, ಕಾಫಿ ಕೊಡುತ್ತೇವೆ.

ಎಂಬತ್ತರ ದಶಕದ ಕೊನೆಗೆ ಕೊಳ್ಳುವವರು ಹಿಂದೆ ಸರಿದರು. ಕುಲುಮೆ ಮಾತ್ರ ಆರಲಿಲ್ಲ, ತಾಮ್ರ ಬೇಕಿತ್ತಲ್ಲ. ಗೋಡೆಯಿಂದ ಕೆರೆದದ್ದನ್ನು, ಅರೆದು ಬಿಸಾಡುವ ಕಲ್ಲಿನ ಪುಡಿಯ ಜೊತೆ ಒಂದೇ ದಿಬ್ಬಕ್ಕೆ ಸುರಿಯತೊಡಗಿದರು. ಮಾರಾಟವಾಗುವ ತನಕ ಅದು ಸರಕಾಗಿತ್ತು, ಮಾರಾಟ ನಿಂತ ದಿನದಿಂದ ಮಣ್ಣಾಯಿತು. ಸರಕಾಗಿದ್ದಾಗ ಅದಕ್ಕೆ ಲೆಕ್ಕ, ಕಾವಲು, ಗೇಟ್ ಪಾಸು ಎಲ್ಲ ಇತ್ತು. ಮಣ್ಣಾದ ಮೇಲೆ ಒಂದು ಬೇಲಿಯೂ ಇಲ್ಲ. ಅಪ್ಪ ಐವತ್ತೊಂದನೆಯ ವಯಸ್ಸಿಗೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೋದರು. ಕಂಪನಿಯ ಡಾಕ್ಟರು ತಪ್ಪನ್ನು ಬೀಡಿಯ ಮೇಲೆ ಹಾಕಿದರು. ಅಪ್ಪ ಬೀಡಿ ಸೇದುತ್ತಿರಲಿಲ್ಲ.

ಆ ದಿಬ್ಬದ ಪುಡಿ ಎಂಥದು ಎಂದು ನಾನು ನಿಮಗೆ ವರ್ಣಿಸಬೇಕಾಗಿಲ್ಲ, ನಿಮ್ಮ ಪುಸ್ತಿಕೆಯ ಒಂಬತ್ತನೆಯ ಪುಟದಲ್ಲಿ ನೀವೇ ಬಾಯಿತುಂಬ ಹೊಗಳಿದ್ದೀರಿ. ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿದರೆ ಅದು ಎರಡು ಬೆರಳಿನ ನಡುವಿನಿಂದ ಎಳೆ ಕಡಿಯದೆ ಇಳಿಯುತ್ತದೆ. ಪೇಟೆಯ ರಂಗೋಲಿ ಪುಡಿ ಅದರ ಮುಂದೆ ನುಚ್ಚು. ಹಾಗಾಗಿ ಕಾಲೊನಿಯಲ್ಲಿ ಒಂದು ರೂಢಿ ಬೆಳೆಯಿತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ಒಂದು ಡಬ್ಬಿ ಬಿಳಿ ಪುಡಿ ಕೊಡುತ್ತಿದ್ದರು. ಹೊಸ ಮನೆಯ ಬಾಗಿಲಲ್ಲಿ ಮೊದಲ ರಂಗೋಲಿ ತವರಿನ ಪುಡಿಯಲ್ಲೇ ಆಗಬೇಕು. ಖಾಲಿಯಾದರೆ ಹಬ್ಬಕ್ಕೆ ಬಂದಾಗ ತುಂಬಿಸಿಕೊಂಡು ಹೋಗಬೇಕು. ನನಗೂ ಕೊಟ್ಟರು. ಚೆನ್ನೈನ ನಮ್ಮ ಅಡುಗೆಮನೆಯ ಕೆಳಗಿನ ಶೆಲ್ಫಿನಲ್ಲಿ, ರಾಗಿಹಿಟ್ಟಿನ ಪಕ್ಕದಲ್ಲಿ, ಆ ಡಬ್ಬಿ ಇತ್ತು. ನನ್ನ ಗಂಡ ಶಿವಕಿರಣ್ ಊರಿಗೆ ಹೋದಾಗಲೆಲ್ಲ ಅತ್ತೆಯ ಸಂತೋಷಕ್ಕೆ ಐದು ಕಿಲೋ ಹೊತ್ತು ತರುತ್ತಿದ್ದರು. ಇಂಥ ಡಬ್ಬಿಗಳು ಎಷ್ಟು ಊರಿನ ಎಷ್ಟು ಅಡುಗೆಮನೆಗಳಲ್ಲಿ ಕೂತಿವೆ ಎಂದು ಯೋಚಿಸಿ ನೋಡಿ.

ವಿಷಯ ಹೊರಬಿದ್ದದ್ದು ಕಳೆದ ಮಾರ್ಗಳಿ ತಿಂಗಳಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ. ಆ ತಿಂಗಳು ಇಲ್ಲಿ ಬೀದಿಗೆ ಬೀದಿಯೇ ಬೆಳಗ್ಗೆ ಕೋಲಂ ಎಂಬ ರಂಗೋಲಿ ಹಾಕಲು ಇಳಿಯುತ್ತದೆ. ಎದುರು ಮನೆಯ ಮರಗತಂ ಅಕ್ಕ ಅಕ್ಕಿಹಿಟ್ಟಿನಲ್ಲಿ ಹಾಕುತ್ತಾರೆ, ಇರುವೆಗಳು ತಿಂದರೆ ಪುಣ್ಯ ಎಂಬ ನಂಬಿಕೆ. ಕಲ್ಲಿನ ಪುಡಿಯಿಂದ ಯಾವ ಜೀವಕ್ಕೆ ಏನು ಸಿಗುತ್ತದೆ ಎಂದು ಅವರು ಅವ್ವನನ್ನು ವರ್ಷಗಟ್ಟಲೆ ಕಿಚಾಯಿಸುತ್ತಿದ್ದರು. ಈ ಸಲ ಅವ್ವ ಸೋತರು. ಆದರೆ ಬರೀ ಅಕ್ಕಿಹಿಟ್ಟಿನಲ್ಲಿ ಎಳೆ ಸಣ್ಣಗೆ ಬರುವುದಿಲ್ಲವಲ್ಲ. ಅರ್ಧ ಅಕ್ಕಿಹಿಟ್ಟು, ಅರ್ಧ ಊರಿನ ಪುಡಿ ಬೆರೆಸಿದರು. ಮಾರನೆಯ ಬೆಳಗ್ಗೆ ಶಾಲೆಗೆ ಹೊರಟ ನನ್ನ ಮಗಳು ವಿಭಾ ಬಾಗಿಲಲ್ಲೇ ನಿಂತಳು. ಅವಳಿಗೆ ಹತ್ತು ವರ್ಷ, ಅಜ್ಜಿಯಿಂದ ರಂಗೋಲಿ ಕಲಿತವಳು. “ಅಮ್ಮಾ, ಇಂಗ ಪಾರ್, ಎರುಂಬೆಲ್ಲಾಂ ಸೆತ್ತು ಪೋಚ್ಚು” ಎಂದಳು. ಹೋಗಿ ನೋಡಿದೆ. ಇರುವೆಗಳೆಲ್ಲ ಸತ್ತಿದ್ದವು. ರಂಗೋಲಿಯ ಎಳೆ ಎಲ್ಲೆಲ್ಲಿ ತಿರುಗಿತ್ತೋ ಅಲ್ಲೆಲ್ಲ ಅವು ಸಾಲಾಗಿ ಬಿದ್ದಿದ್ದವು. ನಡುವೆ ಒಂದು ಕೂಡ ಅಲುಗುತ್ತಿರಲಿಲ್ಲ.

ಡಬ್ಬಿಯಿಂದ ಒಂದು ಚಮಚ ಪುಡಿ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಮೊದಲ ಸಲ ಯಂತ್ರ ತನ್ನ ಅಳತೆ ಮೀರಿದೆ ಎಂದು ತೋರಿಸಿ ನಿಂತುಬಿಟ್ಟಿತು. ನೂರು ಪಟ್ಟು ತೆಳು ಮಾಡಿ ಮತ್ತೆ ಹಾಕಿದಾಗ ಲೆಕ್ಕ ಸಿಕ್ಕಿತು. ನನ್ನ ಮೇಲೆ ನನಗೇ ನಂಬಿಕೆ ಬಾರದೆ, ಯಾರದು ಎಂದು ಹೇಳದೆ, ಸಹೋದ್ಯೋಗಿ ಜಯಪ್ರಕಾಶ್ ಅವರಿಗೆ ಇನ್ನೊಂದು ಚಮಚ ಕೊಟ್ಟೆ. ಸಂಜೆ ಅವರು ಕಾಗದ ಹಿಡಿದುಕೊಂಡು ಬಂದು, “ಇದ್ಯಾವ ಫ್ಯಾಕ್ಟರಿದು ಮೇಡಂ? ಇವತ್ತೇ ಕಂಪ್ಲೇಂಟ್ ಕೊಡ್ಬೇಕು” ಎಂದರು. ನಮ್ಮ ಅಡುಗೆಮನೆಯದು ಎಂದೆ. ಊರವರ ನೀರನ್ನೆಲ್ಲ ಪರೀಕ್ಷಿಸಿ ಸಂಬಳ ತೆಗೆದುಕೊಂಡವಳು, ಅಪ್ಪ ಎಂಥ ಕೆಲಸ ಮಾಡುತ್ತಿದ್ದರು ಎಂದು ಗೊತ್ತಿದ್ದವಳು, ಕಣ್ಣೆದುರಿನ ಡಬ್ಬಿಯನ್ನು ಒಂದು ದಿನವೂ ಅನುಮಾನಿಸಲಿಲ್ಲ. ಈ ನಾಚಿಕೆಯನ್ನು ನಾನು ಯಾರ ಮೇಲೂ ಹೊರಿಸುವುದಿಲ್ಲ. ವಿಭಾಳ ಉಗುರು ಮತ್ತು ಕೂದಲನ್ನು ಪರೀಕ್ಷೆಗೆ ಕೊಟ್ಟ ದಿನ ನಾನು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ. ಆರ್ಸೆನಿಕ್ ಇರಬಾರದಷ್ಟು ಇದೆ, ಈಗ ತಪ್ಪಿಸಿದ್ದರಿಂದ ಇಳಿಯುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಇಳಿಯಬೇಕು.

ಅವ್ವ ಮಾತ್ರ ನಂಬಲಿಲ್ಲ. ನಿಮ್ಮ ಆಹ್ವಾನಪತ್ರಿಕೆಯನ್ನು ಬೀದಿಯವರಿಗೆಲ್ಲ ತೋರಿಸಿ ಬಂದಿದ್ದರು. ಹಸಿರು ಅಂಚಿನ ಸೀರೆ ತೆಗೆದಿಟ್ಟಿದ್ದರು. ನಾನು ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಲು ಮಾಡಿದಾಗ ಅವರ ಮುಖ ಕೆಂಪಗಾಯಿತು.

“ಇಸ ಆಗಿದ್ರೆ ಇಷ್ಟೊತ್ತಿಗೆ ನಾನು ಮಣ್ಣಾಗಿರ್ತಿದ್ದೆ. ನಮ್ಮೂರ್ ಹೆಂಗಸ್ರಿಗೆ ಒಂದು ಹೆಸ್ರು ಅಂತ ಬಂದಿದ್ದೇ ಆ ಪುಡಿಯಿಂದ. ಅದನ್ನೂ ಕೆಡಿಸ್ತೀಯಾ?”

ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗಂಡನನ್ನು ನುಂಗಿದ ಗಣಿಯಿಂದ ಅವರಿಗೆ ಸಿಕ್ಕ ಒಂದೇ ಒಂದು ಚಂದದ ವಸ್ತು ಅದು. ನೀವು ಅದಕ್ಕೆ ಸನ್ಮಾನ ಮಾಡುತ್ತೇನೆ ಎಂದಿರಿ, ಮಗಳು ಅದು ವಿಷ ಎಂದಳು. ಯಾರ ಮಾತು ಹಿತವಾಗಿರುತ್ತದೆ?

ನಿಮ್ಮ ಕಚೇರಿಗೆ ಫೋನು ಮಾಡಿದಾಗ ಎತ್ತಿಕೊಂಡವರು ಬಹಳ ಮರ್ಯಾದೆಯಿಂದ ಮಾತಾಡಿದರು. ಚೆನ್ನೈನಲ್ಲಿ ಕೂತ ನನಗೆ ಇಲ್ಲಿನ ಮಣ್ಣಿನ ಬಗ್ಗೆ ಅಷ್ಟು ಕಾಳಜಿ ಇರುವುದು ಸಂತೋಷ ಎಂದರು. ಆಹ್ವಾನಪತ್ರಿಕೆ ಅಚ್ಚಾಗಿಬಿಟ್ಟಿದೆ, ಪುಡಿಯನ್ನು ಸೋಸಿ ಪೊಟ್ಟಣವೂ ಕಟ್ಟಿ ಆಗಿದೆ ಎಂದರು. ಕೊನೆಗೆ, ರಂಗೋಲಿ ಪುಡಿಯನ್ನು ಯಾರಾದರೂ ತಿನ್ನುತ್ತಾರಾ ಮೇಡಂ ಎಂದು ನಕ್ಕರು. ಅವರ ನಗುವಿಗೆ ನಿಮ್ಮ ಆಹ್ವಾನಪತ್ರಿಕೆಯಲ್ಲೇ ಉತ್ತರ ಇದೆ. ಹತ್ತೂವರೆಗೆ ಸ್ಪರ್ಧೆ. ಹನ್ನೆರಡೂವರೆಗೆ ಮಕ್ಕಳಿಗೆ ಚಿತ್ರಾನ್ನ ಮತ್ತು ಕೇಸರಿಬಾತು. ಬಯಲಿನಲ್ಲಿ ಎರಡು ಗಂಟೆ ಪುಡಿ ಆಡಿದ ಇನ್ನೂರ ನಲವತ್ತು ಮಕ್ಕಳು ಕೇಸರಿಬಾತನ್ನು ಯಾವುದರಿಂದ ತಿನ್ನುತ್ತಾರೆ? ಉಳಿದ ಪುಡಿಯನ್ನು ನೆನಪಿನ ಕಾಣಿಕೆಯಾಗಿ ಮನೆಗೆ ಕೊಟ್ಟು ಕಳಿಸುವುದಾಗಿಯೂ ಬರೆದಿದ್ದೀರಿ. ಆ ಪೊಟ್ಟಣ ಮನೆಯಲ್ಲಿ ಎಲ್ಲಿ ಕೂರುತ್ತದೆ ಎಂದು ನನಗೆ ಗೊತ್ತು.

ತಿನ್ನದೆಯೇ ಏನಾಗುತ್ತದೆ ಎಂಬುದಕ್ಕೆ ನನ್ನ ಹತ್ತಿರ ಒಂದು ಸಾಕ್ಷಿ ಇದೆ. ಅವ್ವನ ಅಂಗೈ ತುಂಬ ಜೋಳದ ಕಾಳಿನಂಥ ಗಟ್ಟಿ ಗಂಟುಗಳು. ಅಂಗಾಲಿನಲ್ಲೂ ಇವೆ. ಇಪ್ಪತ್ತು ವರ್ಷದಿಂದ ನಾವು ಅದನ್ನು ಆಣಿ ಎಂದೇ ಕರೆದೆವು. ಕಾಲೊನಿಯ ಹೆಂಗಸರಲ್ಲಿ ಅನೇಕರ ಕೈ ಹಾಗೇ ಇತ್ತು, ದುಡಿದ ಕೈ ಎಂದು ಹೊಗಳುತ್ತಿದ್ದೆವು. ಆಧಾರ್ ಮಾಡಿಸುವಾಗ ಯಂತ್ರ ಅವ್ವನ ಬೆರಳನ್ನು ಗುರುತು ಹಿಡಿಯದೆ ಇದ್ದಾಗ ಎಲ್ಲರೂ ನಕ್ಕಿದ್ದೆವು. ಬಲಗೈಯ ತೋರುಬೆರಳಿನ ಒಂದು ಗಂಟು ಹೋದ ವರ್ಷ ಹುಣ್ಣಾಗಿ ಮಾಯದೆ ಉಳಿದಿತ್ತು. ಪುಡಿಯ ಲೆಕ್ಕ ಸಿಕ್ಕ ಮೇಲೆ, ಹಟ ಮಾಡಿ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಂಗೈ ನೋಡಿದರು, ಚಪ್ಪಲಿ ಬಿಡಿಸಿ ಅಂಗಾಲು ನೋಡಿದರು, ಆಮೇಲೆ ಅವ್ವನನ್ನು ಯಾವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ತಮಿಳಿನಲ್ಲಿ ಕೇಳಿದರು. ಎಲ್ಲೂ ಇಲ್ಲ, ಮನೆಯಲ್ಲೇ ಇದ್ದೆ ಎಂದರು ಅವ್ವ. ಡಾಕ್ಟರು ನಂಬದೆ ಮತ್ತೆ ನನ್ನನ್ನು ಕೇಳಿದರು. ಹುಣ್ಣಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅದು ಕ್ಯಾನ್ಸರ್. ಇದೇ ಶುಕ್ರವಾರ ಆ ಬೆರಳನ್ನು ತೆಗೆಯುತ್ತಾರೆ. ನಿಮ್ಮ ವೇದಿಕೆಯ ಮುಂದೆ ಮೊದಲ ಎಳೆ ಎಳೆಯಬೇಕಾಗಿದ್ದ ಬೆರಳು ಅದೇ.

ಈಗ ನನ್ನ ಬೇಡಿಕೆ. ಸ್ಪರ್ಧೆಯನ್ನು ನಿಲ್ಲಿಸಿ. ಮುಂದೂಡುವುದಲ್ಲ, ಪುಡಿ ಬದಲಾಯಿಸಿ ಅದೇ ಬಯಲಿನಲ್ಲಿ ನಡೆಸುವುದೂ ಅಲ್ಲ, ಆ ಬಯಲು ದಿಬ್ಬದ ಗಾಳಿಗೇ ಇದೆ. ಕಟ್ಟಿಟ್ಟ ಪೊಟ್ಟಣಗಳಲ್ಲಿ ಒಂದೂ ಹೊರಗೆ ಹೋಗದಂತೆ ಸೀಲು ಮಾಡಿಸಿ, ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ನಿಮಗೆ ಬೇಕಾದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ದಿಬ್ಬಕ್ಕೆ ಬೇಲಿ ಹಾಕಿ ಮುಚ್ಚಿಸಿ, ಊರಿನ ಬೋರ್‌ವೆಲ್ಲುಗಳ ನೀರು ನೋಡಿಸಿ. ಕಾಲೊನಿಯಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ಎಲ್ಲಿದ್ದಾರೆ ಎಂದು ಹುಡುಕಿಸಿ, ಅವರ ಅಂಗೈ ನೋಡುವುದಕ್ಕೆ ಒಬ್ಬ ಡಾಕ್ಟರನ್ನು ಕಳಿಸಿ. ನಿಮ್ಮ ಪುಸ್ತಿಕೆಗೆ ಹದಿಮೂರನೆಯ ಪುಟ ಸೇರಿಸಿ, ಅದರಲ್ಲಿ ಹುರಿಯುವ ಮನೆಯ ಬಗ್ಗೆ ಬರೆಯಿರಿ. ಬರೆಯುವವರು ಸಿಗದಿದ್ದರೆ ನಾನು ಬರೆದುಕೊಡುತ್ತೇನೆ. ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಕರಿಗೊಂದಿಯ ಡಬ್ಬಿ ಇದ್ದರೆ ಮುಚ್ಚಳ ತೆಗೆಯಬೇಡಿ, ಮೋರಿಗೆ ಸುರಿಯಬೇಡಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಇಟ್ಟು ನನಗೆ ತಿಳಿಸಿ.

ಇಷ್ಟು ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆದರೆ ನಿನ್ನೆ ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಅವ್ವ, ಎಷ್ಟು ಮಕ್ಕಳು ಅಂದೆ ಎಂದು ಕೇಳಿದರು. ಇನ್ನೂರ ನಲವತ್ತು ಎಂದೆ. ಮನೆಯ ಬಾಗಿಲು ತೆಗೆಯುವಾಗ ಹೇಳಿದರು:

“ರೈಲಿಗೆ ಟಿಕೆಟ್ ತೆಗ್ಸು. ಕೈ ಕಟ್ಟು ಬಿಚ್ಚಿರ್ಲಿ ಬಿಡ್ಲಿ, ಬತ್ತೀನಿ. ಅವರಾಗೇ ಕರ್ದವ್ರೆ ನನ್ನ. ಬಾಗ್ಲಲ್ಲಿ ಕುತ್ಕಂಡು, ಬರೋ ಒಂದೊಂದ್ ಮಗೀಗೂ ಈ ಕೈ ತೋರುಸ್ತೀನಿ.”

ಮಾರ್ಚ್ ಆರರ ರೈಲಿಗೆ ಎರಡು ಟಿಕೆಟ್ ತೆಗೆದಿದ್ದೇನೆ. ಅವನ್ನು ರದ್ದು ಮಾಡುವುದಕ್ಕೆ ನನಗೆ ಒಂದು ಕಾರಣ ಕೊಡಿ. ಸ್ಪರ್ಧೆ ನಿಂತಿದೆ ಎಂಬ ಎರಡು ಸಾಲಿನ ಆದೇಶ ಸಾಕು, ಅದಕ್ಕೆ ದಾಖಲೆಯೂ ಬೇಕಾಗಿಲ್ಲ. ಆದೇಶ ಬಾರದಿದ್ದರೆ ನಿಮ್ಮ ಸನ್ಮಾನಿತರು ಹೇಳಿದ ಸಮಯಕ್ಕೆ ಬರುತ್ತಾರೆ, ನಾಲ್ಕು ಬೆರಳಿನ ಕೈಯೊಂದಿಗೆ. ಗೇಟಿನಲ್ಲಿ ಅವರನ್ನು ತಡೆಯುವಂತೆ ಕಾವಲಿನವರಿಗೆ ಹೇಳಬೇಡಿ. ಆಹ್ವಾನಪತ್ರಿಕೆಯಲ್ಲಿ ಇರುವುದು ನಿಮ್ಮದೇ ಸಹಿ.

ಇಂತಿ,
ಅವ್ವನ ಕೈಯನ್ನು ಇಪ್ಪತ್ತು ವರ್ಷ ನೋಡಿಯೂ ನೋಡದಿದ್ದ
ಪೂರ್ಣಿಮಾ ವೀರಪ್ಪ
ಅಂಬತ್ತೂರು, ಚೆನ್ನೈ